ರೇಬೋನ್ ಅಡಿಪಟ್ಟಿ ಹುಡುಕುವವರಿಗೆ: ಮೊದಲು ಓದಿ, ಆಮೇಲೆ ಒರೆಸಿ

ರೇಬೋನ್ ಅನ್ನೋದು ಇಂಗ್ಲೆಂಡಿನ ಒಂದು ಹಳೇ ಅಳತೆ ಉಪಕರಣದ ಕಂಪನಿ. ನಾನು ಕೊಂಡ ಅದರ ಮೊದಲನೇ ಅಡಿಪಟ್ಟಿ ಇವತ್ತು ಬರೀ ಒಂದು ಹಳದಿ ಮರದ ಚೂರು. ಅಂಕಿಗಳು ಅರ್ಧಂಬರ್ಧ ಅಳಿಸಿಹೋಗಿವೆ. ಕಂಪನಿ ಹೆಸರಿನಲ್ಲಿ ಎರಡೇ ಅಕ್ಷರ ಉಳಿದಿವೆ. ಹಾಳು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಸಂಡೇ ಬಜಾರಿನಿಂದ ತಂದ ಖುಷಿಯಲ್ಲಿ ಅದೇ ಸಂಜೆ ಸ್ಯಾಂಡ್‌ಪೇಪರ್ ಹಿಡಿದು ಕೂತೆ, ಹತ್ತು ನಿಮಿಷದಲ್ಲಿ ಪಟ್ಟಿ ಹೊಸದರ ಹಾಗೆ ಫಳಫಳ ಅಂತು, ಜೊತೆಗೆ ಅದು ಯಾವ ಕಾಲದ್ದು, ಯಾವ ನಂಬರಿನದ್ದು, ಯಾರ ಕೈಯಲ್ಲಿತ್ತು ಅನ್ನೋದೆಲ್ಲ ಪುಡಿಯಾಗಿ ನೆಲಕ್ಕೆ ಬಿತ್ತು. ಮಾರನೇ ದಿನ ಬೆಳಗ್ಗೆ ಕಸದ ಜೊತೆ ಆ ಪುಡಿಯೂ ಹೋಯಿತು.

ಹಾಗಾಗಿ ಹಳೇ ಕೈ ಉಪಕರಣ ಕೂಡಿಡುವ ಹುಚ್ಚು ಹೊಸದಾಗಿ ಹಿಡಿದವರಿಗೆ ನಾನು ಹೇಳೋದು ಒಂದೇ. ಓದೋದಕ್ಕೆ ಮೊದಲು ಒರೆಸಬೇಡಿ. ಈ ಹವ್ಯಾಸದಲ್ಲಿ ಮುಕ್ಕಾಲು ಪಾಲು ಓದುವ ಕೆಲಸವೇ. ಪುಸ್ತಕ ಅಲ್ಲ, ಮರದ ಮೇಲೆ, ಹಿತ್ತಾಳೆ ಮೇಲೆ ಇರುವ ಸಣ್ಣ ಸಣ್ಣ ಅಕ್ಷರ.

ಮೊದಲು ಕಂಪನಿಯ ವಂಶಾವಳಿ

ಮುಚ್ಚಿಹೋದ ಕಂಪನಿಯ ಸಾಮಾನು ಹುಡುಕುವುದರಲ್ಲಿ ಒಂದು ಅನುಕೂಲ ಇದೆ. ಕತೆ ಮುಗಿದಿದೆ, ಹೊಸ ಮಾಲು ಬರಲ್ಲ. ಆ ಕತೆಯನ್ನು ಒಂದು ಸಲ ಕೂತು ತಿಳಿದುಕೊಂಡರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಜಾನ್ ರೇಬೋನ್ ಅಂಡ್ ಸನ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನದು. ಶುರುವಾಗಿದ್ದು 1784ರಲ್ಲಿ ಅಂತ ಕಂಪನಿ ತಾನೇ ಹೇಳಿಕೊಳ್ಳುತ್ತಿತ್ತು. ಮಡಚುವ ಅಡಿಪಟ್ಟಿ, ರಸಮಟ್ಟ, ಅಳತೆ ಟೇಪು, ಇವೇ ಅದರ ಮುಖ್ಯ ಸರಕು. ಅದೇ ಊರಿನಲ್ಲಿ ಎಡ್ವರ್ಡ್ ಪ್ರೆಸ್ಟನ್ ಅಂಡ್ ಸನ್ಸ್ ಅಂತ ಇನ್ನೊಂದು ಒಳ್ಳೇ ಕಂಪನಿ ಇತ್ತು. 1932ರಲ್ಲಿ ಅದು ರೇಬೋನ್ ಕೈಗೆ ಬಂತು. ಆಮೇಲೆ 1963ರಲ್ಲಿ ರೇಬೋನ್ ಹೋಗಿ ಶೆಫೀಲ್ಡಿನ ಜೇಮ್ಸ್ ಚೆಸ್ಟರ್‌ಮನ್ ಕಂಪನಿ ಜೊತೆ ಸೇರಿಕೊಂಡು ರೇಬೋನ್ ಚೆಸ್ಟರ್‌ಮನ್ ಆಯಿತು. ಚೆಸ್ಟರ್‌ಮನ್ ಅಂದರೆ ಟೇಪಿನವರು. ಸ್ಪ್ರಿಂಗ್ ಇಟ್ಟು ತಾನಾಗಿ ಒಳಗೆ ಸುತ್ತಿಕೊಳ್ಳುವ ಟೇಪಿಗೆ ಜೇಮ್ಸ್ ಚೆಸ್ಟರ್‌ಮನ್ 1829ರಲ್ಲೇ ಪೇಟೆಂಟ್ ಪಡೆದಿದ್ದರು. ಕೊನೆಗೆ ಎಲ್ಲವೂ ಸ್ಟಾನ್ಲಿ ಅನ್ನೋ ಅಮೆರಿಕದ ಉಪಕರಣ ಕಂಪನಿಯ ಹೊಟ್ಟೆ ಸೇರಿತು.

ಇದನ್ನು ಬಾಯಿಪಾಠ ಮಾಡಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಬಜಾರಿನಲ್ಲಿ ನಿಮ್ಮ ಕೈಗೆ ಸಿಗುವ ಪಟ್ಟಿಯ ಮೇಲೆ ಇಸವಿ ಬರೆದಿರೋದು ಅಪರೂಪ, ಹೆಸರು ಮಾತ್ರ ಇರುತ್ತದೆ. ಬರೀ ‘ರೇಬೋನ್ ಅಂಡ್ ಸನ್ಸ್’ ಅಂತಿದ್ದರೆ 1963ಕ್ಕಿಂತ ಹಿಂದಿನ ಹೆಸರು. ‘ರೇಬೋನ್ ಚೆಸ್ಟರ್‌ಮನ್’ ಅಂತಿದ್ದರೆ ಆಮೇಲಿನದ್ದು. ರಸಮಟ್ಟದ ಮೇಲೆ ‘ಪ್ರೆಸ್ಟನ್’ ಅಂತಿದ್ದರೆ ನಿಧಾನಿಸಿ, ಎರಡು ಸಲ ನೋಡಿ, ಮುಖದಲ್ಲಿ ಖುಷಿ ತೋರಿಸಬೇಡಿ.

ಇದಕ್ಕಿಂತ ಜಾಸ್ತಿ ಬೇಕಾದವರು ಅಂತರ್ಜಾಲದಲ್ಲಿ ಗ್ರೇಸಸ್ ಗೈಡ್ ನೋಡಬಹುದು, ಬ್ರಿಟನ್ನಿನ ಹಳೇ ಕಾರ್ಖಾನೆಗಳ ಇತಿಹಾಸವೆಲ್ಲ ಅಲ್ಲಿ ಗುಡ್ಡೆ ಬಿದ್ದಿದೆ. ರೇಬೋನ್ ಕಂಪನಿಯ 1892ರ ಕ್ಯಾಟಲಾಗ್ ಮರುಮುದ್ರಣವೂ ಆಗಿದೆ. ಕ್ಯಾಟಲಾಗ್ ಮುಖ್ಯ, ಯಾಕಂದರೆ ಬಹಳಷ್ಟು ಪಟ್ಟಿಗಳ ಮೇಲೆ ಒಂದು ನಂಬರ್ ಒತ್ತಿರುತ್ತಾರೆ, ಅದು ಮಾಲಿನ ನಂಬರ್. ಅದನ್ನು ಇಸವಿ ಅಂದುಕೊಂಡು ‘1100ನೇ ಇಸವಿಯ ಸ್ಕೇಲು ಸರ್’ ಅಂತ ನನಗೆ ಮಾರೋಕೆ ಬಂದ ಪುಣ್ಯಾತ್ಮರೂ ಇದ್ದಾರೆ. ಹೊಯ್ಸಳರು ತಗೊಂಡಿರಬೇಕು.

ಎಲ್ಲವನ್ನೂ ಗುಡ್ಡೆ ಹಾಕಬೇಡಿ

ಉಳಿ, ಬಾಚಿ, ಗರಗಸ, ಬೈರಿಗೆ, ಮೂಲೆಮಟ್ಟ ಅಂತ ಸಿಕ್ಕಿದ್ದೆಲ್ಲ ತರೋಕೆ ಶುರು ಮಾಡಿದರೆ ಆರು ತಿಂಗಳಲ್ಲಿ ಮನೆಯ ಅಟ್ಟ ಗುಜರಿ ಅಂಗಡಿ ಆಗುತ್ತದೆ. ಮನೆಯವರ ಮಾತು ಬೇರೆ. ಒಂದು ಕಂಪನಿ, ಅದರಲ್ಲಿ ಒಂದು ಬಗೆ, ಅಷ್ಟಕ್ಕೆ ನಿಲ್ಲಿ. ಬೆಂಗಳೂರಿನವರಿಗೆ ಮಡಚುವ ಅಡಿಪಟ್ಟಿಯೇ ಸರಿ ಅಂತ ನನ್ನ ಲೆಕ್ಕ. ಜೇಬಿನಲ್ಲಿ ಹಿಡಿಯುತ್ತದೆ, ಬೆಲೆ ಕೈಗೆ ಎಟಕುತ್ತದೆ, ಒಂದು ಬಿಎಚ್‌ಕೆ ಮನೆಯಲ್ಲೂ ಇಪ್ಪತ್ತು ಇಡಬಹುದು.

ಇಂಗ್ಲೆಂಡಿನ ಸಾಮಾನು ಈ ಊರಿಗೆ ಬರೋಕೆ ದಾರಿಗಳು ಬೇಕಾದಷ್ಟಿದ್ದವು. 1809ರಿಂದ ದಂಡು ಪ್ರದೇಶ ಇತ್ತು, ರೈಲ್ವೆ ಇತ್ತು, ಬಟ್ಟೆ ಗಿರಣಿಗಳಿದ್ದವು, ಪಕ್ಕದ ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ನಡೆಸುತ್ತಿತ್ತು, 1940ರಲ್ಲಿ ವಿಮಾನ ಕಾರ್ಖಾನೆ ಬಂತು.

ಸಾಮಾನ್ಯವಾಗಿ ಸಿಗೋದು ಎರಡು ಅಡಿಯ, ನಾಲ್ಕು ಮಡಿಕೆಯ ಪಟ್ಟಿ. ಆರಾರು ಇಂಚಿನ ನಾಲ್ಕು ತುಂಡು, ನಡುವೆ ಒಂದು ದುಂಡನೆ ಹಿತ್ತಾಳೆ ಕೀಲು, ಅಕ್ಕಪಕ್ಕ ಎರಡು ಸಣ್ಣ ಕೀಲು. ಮರ ಬಾಕ್ಸ್‌ವುಡ್. ತುಂಬಾ ನಿಧಾನವಾಗಿ ಬೆಳೆಯುವ ಗಿಡ, ಎಳೆ ಬಲು ಒತ್ತು, ಹಾಗಾಗಿ ಕೂದಲೆಳೆಯಂಥ ಗೆರೆ ಒತ್ತಿದರೂ ಅಂಚು ಮುರಿಯಲ್ಲ. ಹೊಸದರಲ್ಲಿ ತಿಳಿ ಹಳದಿ, ಕೈಯ ಬೆವರು ಕುಡಿದು ಕುಡಿದು ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬರೋಕೆ ಐವತ್ತು ವರ್ಷ ಬೇಕು. ಹೋಗೋಕೆ ಹತ್ತು ನಿಮಿಷ ಸಾಕು, ಮೇಲೆ ಹೇಳಿದೆನಲ್ಲ.

ಎಲ್ಲಿ ಹುಡುಕೋದು

ಭಾನುವಾರ ಬೆಳಗ್ಗೆ ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಕೂರುವ ಸಂಡೇ ಬಜಾರ್ ಮೊದಲನೆಯದು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ಭಾನುವಾರ ಮೆಟ್ರೋ ತಡವಾಗಿ ಶುರುವಾಗುವುದರಿಂದ ಅದನ್ನು ನಂಬಿಕೊಂಡರೆ ಒಳ್ಳೇದೆಲ್ಲ ಹೋಗಿ ಚಾರ್ಜರ್ ವೈರುಗಳು ಮಾತ್ರ ಉಳಿದಿರುತ್ತವೆ. ಟಾರ್ಪಾಲಿನ ಮೇಲೆ ನೀಟಾಗಿ ಜೋಡಿಸಿಟ್ಟವರ ಹತ್ತಿರ ಬೆಲೆ ಜಾಸ್ತಿ. ಚೀಲದಿಂದ ಸುರಿದು ಕೂತವರ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೆದಕಬೇಕು, ಸ್ಪ್ಯಾನರ್ ರಾಶಿಯ ತಳದಲ್ಲಿ ಒಂದು ಹಳದಿ ತುದಿ ಕಾಣುತ್ತದಾ ನೋಡಬೇಕು.

ಶಿವಾಜಿನಗರದ ಗುಜರಿ ಕಡೆ ವಾಹನದ ಬಿಡಿಭಾಗವೇ ಹೆಚ್ಚು, ಆದರೂ ಒಂದು ಸುತ್ತು ಹಾಕಿ. ಎಸ್‌ಪಿ ರಸ್ತೆ ಈಗ ಪೂರ್ತಿ ಕಂಪ್ಯೂಟರ್ ಮಯ, ಒಳಗಿನ ಗಲ್ಲಿಗಳಲ್ಲಿ ಮಾತ್ರ ಹಳೇ ವರ್ಕ್‌ಶಾಪ್ ಸಾಮಾನು ಕಾಣುತ್ತದೆ.

ನಿಜವಾದ ನಿಧಿ ಇರೋದು ಆಚಾರ್ರ ಮನೆಗಳಲ್ಲಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಮರ ಕೊಳ್ಳೋ ನೆಪದಲ್ಲಿ ಹೋಗಿ ಮಾತಿಗೆ ಕೂರಿ. ಅವರ ಅಪ್ಪ, ತಾತನ ಪೆಟ್ಟಿಗೆ ಇನ್ನೂ ಇರುತ್ತದೆ. ಒಂದು ಮಾತು ನೆನಪಿರಲಿ, ಹೋದ ಮೊದಲನೇ ದಿನವೇ ‘ಎಷ್ಟಕ್ಕೆ ಕೊಡುತ್ತೀರಾ’ ಅಂತ ಕೇಳಬೇಡಿ. ಆಯುಧಪೂಜೆಗೆ ಕುಂಕುಮ ಇಟ್ಟ ಸಾಮಾನು ಅದು. ಕೊಡೋ ಮನಸ್ಸಿದ್ದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ಒಂದು ಫೋಟೋ ತೆಗೆದುಕೊಂಡು ಕಾಫಿ ಕುಡಿದು ಬನ್ನಿ. ಆ ಫೋಟೋಗೂ ಬೆಲೆ ಇದೆ.

ವಿದೇಶದ ಹರಾಜು ತಾಣಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಪಟ್ಟಿಗಿಂತ ಅದರ ಪ್ರಯಾಣವೇ ದುಬಾರಿ ಆಗಬಹುದು. ನಾನು ಅಲ್ಲಿ ಬರೀ ನೋಡುತ್ತೇನೆ. ಯಾವುದು ಎಷ್ಟಕ್ಕೆ ಮಾರಾಟ ಆಯಿತು ಅನ್ನೋದನ್ನು ನೋಡಿ, ಕೇಳುವ ಬೆಲೆ ಯಾರು ಬೇಕಾದರೂ ಕೇಳಬಹುದು.

ಕೈಗೆ ಬಂದ ಮೇಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ದುಡ್ಡು ಹೋಗೋದು ಇಲ್ಲೇ.

ಪಟ್ಟಿಯನ್ನು ಪೂರ್ತಿ ಬಿಚ್ಚಿ, ಒಂದು ತುದಿ ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೂ ನೋಡಿ. ಬಿಲ್ಲಿನ ಹಾಗೆ ಬಾಗಿದ್ದರೆ ಬಿಸಿಲಿಗೋ ನೀರಿಗೋ ಬಿದ್ದಿದೆ, ಅದು ಸರಿಹೋಗಲ್ಲ. ಆಮೇಲೆ ಮಡಚಿ ಬಿಚ್ಚಿ ಮಾಡಿ. ಕೀಲು ಸ್ವಲ್ಪ ಬಿಗಿಯಾಗಿ, ಬೆಣ್ಣೆ ಕತ್ತರಿಸಿದ ಹಾಗೆ ತಿರುಗಬೇಕು. ಲೊಡಲೊಡ ಅಂದರೆ ಬೆಲೆ ಅರ್ಧಕ್ಕೆ ಇಳಿಸಿ. ಮಡಚಿದಾಗ ತುಂಡುಗಳು ಒಂದರ ಮೇಲೊಂದು ಸರಿಯಾಗಿ ಕೂರಲಿ ಅಂತ ಒಳಬದಿಯಲ್ಲಿ ಪುಟ್ಟ ಹಿತ್ತಾಳೆ ಪಿನ್ ಇಟ್ಟಿರುತ್ತಾರೆ, ಬಹಳ ಸಲ ಅದು ಬಿದ್ದುಹೋಗಿ ತೂತು ಮಾತ್ರ ಇರುತ್ತದೆ. ಹೊರ ಅಂಚಿಗೆ ಉದ್ದಕ್ಕೂ ಹಿತ್ತಾಳೆ ಪಟ್ಟಿ ಬಡಿದಿದ್ದರೆ ಅದು ಆ ಕಾಲದಲ್ಲೇ ಜಾಸ್ತಿ ಬೆಲೆಯ ಮಾಲು, ಈಗಲೂ ಹಾಗೇ.

ಸೊನ್ನೆಯ ತುದಿ ನೋಡಿ. ಕೆಲಸ ಮಾಡಿದ ಪಟ್ಟಿಯಲ್ಲಿ ಮೊದಲನೇ ಇಂಚು ಸವೆದು ದುಂಡಗಾಗಿರುತ್ತದೆ. ನಾನು ಯಾವಾಗಲೂ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡಿರುತ್ತೇನೆ, ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ನೂಲು ಕಡಿಮೆ ಇದೆಯಾ, ಒಂದು ನೂಲು ಕಡಿಮೆ ಇದೆಯಾ ಗೊತ್ತಾಗುತ್ತದೆ (ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ). ಒಂದು ಸಲ ಇದನ್ನೇ ಹಿಡಿದುಕೊಂಡು ಚೌಕಾಸಿಗೆ ಇಳಿದೆ.

‘ಎಷ್ಟು ಭಾಯ್?’

‘ಸಾವಿರ ಕೊಡಿ ಸರ್. ಫಾರಿನ್ ಮಾಲು, ಬ್ರಿಟಿಷರದ್ದು.’

‘ತುದಿ ಸವೆದುಹೋಗಿದೆ ನೋಡಿ, ಅಳತೆನೇ ತಪ್ಪು ತೋರಿಸ್ತಿದೆ.’

‘ಸವೆದಿರೋದಕ್ಕೇ ಅಲ್ವಾ ಸರ್ ಅದು ಆಂಟಿಕ್ಕು!’

ಅವರ ಮಾತೂ ಸರಿಯೇ. 350ಕ್ಕೆ ಮುಗಿಯಿತು. ಇಲ್ಲಿಯವರೆಗೆ ನಾನು ಒಂದು ಪಟ್ಟಿಗೆ 150ರಿಂದ 600 ರೂಪಾಯಿವರೆಗೆ ಕೊಟ್ಟಿದ್ದೇನೆ, ಹೊಳೆಯೋದಕ್ಕಿಂತ ಹೊಳೆಯದೇ ಇರೋದಕ್ಕೇ ಜಾಸ್ತಿ ಕೊಟ್ಟಿದ್ದು.

ಈಗ ಅಕ್ಷರ. ಮೊಬೈಲ್ ಟಾರ್ಚನ್ನು ನೇರ ಮೇಲಿಂದ ಬಿಡಬೇಡಿ. ಪಟ್ಟಿಗೆ ಸಮವಾಗಿ, ಪಕ್ಕದಿಂದ ಬಿಡಿ. ಏನೂ ಇಲ್ಲ ಅಂತ ಕಂಡ ಜಾಗದಲ್ಲಿ ಒತ್ತಿದ ಅಕ್ಷರದ ನೆರಳು ಏಳುತ್ತದೆ. ತಯಾರಕರ ಹೆಸರು, ಬರ್ಮಿಂಗ್‌ಹ್ಯಾಮ್, ‘ವಾರಂಟೆಡ್ ಬಾಕ್ಸ್‌ವುಡ್’, ‘ಮೇಡ್ ಇನ್ ಇಂಗ್ಲೆಂಡ್’, ನಂಬರ್, ಇವನ್ನು ಸಾಮಾನ್ಯವಾಗಿ ನಡುವಿನ ಕೀಲಿನ ಆಸುಪಾಸಿನಲ್ಲಿ ಹುಡುಕಬೇಕು. ಅಂಕಿ ಯಾವ ಕಡೆಯಿಂದ ಶುರುವಾಗುತ್ತದೆ ನೋಡಿ. ಇಂಗ್ಲೆಂಡಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ, ಅಮೆರಿಕದವುಗಳಲ್ಲಿ ಬಲದಿಂದ ಎಡಕ್ಕೆ. ಇಂಚನ್ನು ಎಂಟು ಭಾಗ, ಹದಿನಾರು ಭಾಗ ಮಾಡಿರೋದು ಮರಗೆಲಸಕ್ಕೆ. ಹತ್ತು, ಹನ್ನೆರಡು ಭಾಗದ ಗೆರೆಗಳೂ ಇದ್ದರೆ ಅದು ನಕ್ಷೆ ಬರೆಯುವವರ ಕೈಯಲ್ಲಿ ಇದ್ದಿರಬಹುದು. ಮಿಲಿಮೀಟರ್ ಇದೆಯಾ ಅಂತಲೂ ನೋಡಿ, ಆದರೆ ಅದೊಂದನ್ನೇ ನಂಬಿ ಕಾಲ ಹೇಳೋಕೆ ಹೋಗಬೇಡಿ. ನಮ್ಮಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲಿ ಕಾಯ್ದೆ ಆಯಿತು, ಬ್ರಿಟನ್ ಆ ದಾರಿ ಹಿಡಿದಿದ್ದು 1965ರಿಂದ. ಇನ್ನು ನಮ್ಮ ಆಚಾರ್ರು ಇವತ್ತಿಗೂ ಇಂಚು, ನೂಲಿನಲ್ಲೇ ಮಾತಾಡುತ್ತಾರೆ.

ಕಂಪನಿ ಒತ್ತಿದ್ದು ಒಂದಾದರೆ, ಪಟ್ಟಿ ಇಟ್ಟುಕೊಂಡವರು ಒತ್ತಿದ್ದು ಇನ್ನೊಂದು. ನನಗೆ ಇದೇ ಜಾಸ್ತಿ ಇಷ್ಟ. ಎಂಎಸ್‌ಎಂಆರ್ ಅಂತ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ ಕಂಡರೆ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು, ಅಂದರೆ ಪಟ್ಟಿ ಅದಕ್ಕಿಂತ ಹಳೇದು. ಮೂರು ಗೆರೆಯ ಬಾಣದ ಗುರುತು, ನಮ್ಮ ಕಡೆ ಕೋಳಿ ಹೆಜ್ಜೆ ಅಂದುಕೊಳ್ಳಬಹುದಾದದ್ದು, ಬ್ರಿಟಿಷ್ ಸರ್ಕಾರದ ಉಗ್ರಾಣದ ಗುರುತು.

ನನ್ನ ಒಂದು ಪಟ್ಟಿಯಲ್ಲಿ ಮೂರನೇ ಇಂಚಿನ ಮೇಲೆ, ಐದನೇ ಇಂಚಿನ ಮೇಲೆ ಯಾರೋ ಅರದಿಂದ ಸಣ್ಣ ಕಚ್ಚು ಹಾಕಿದ್ದರು. ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಯಾವುದೋ ಗುಪ್ತ ಕೋಡ್ ಅಂತ ಒಂದು ಪುಟ ಟಿಪ್ಪಣಿ ಬೇರೆ ಬರೆದಿಟ್ಟಿದ್ದೆ. ನಮ್ಮ ಬೀದಿಯ ಆಚಾರ್ರು ಕನ್ನಡಕ ಹಾಕಿಕೊಳ್ಳದೆಯೇ ಬೆರಳು ಆಡಿಸಿ, ‘ಇದು ಗೊತ್ತಾಗಲಿಲ್ವಾ ಸ್ವಾಮಿ? ಐದು-ಮೂರರ ಬಾಗಿಲ ಚೌಕಟ್ಟು. ದಿನಾ ಅದೇ ಗುರುತು ಹಾಕೋನಿಗೆ ಅಂಕಿ ಯಾಕೆ ಬೇಕು, ಉಗುರಿಗೆ ಸಿಕ್ಕಿದರೆ ಸಾಕು’ ಅಂದರು. ಸ್ಯಾಂಡ್‌ಪೇಪರ್ ಹಾಕಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ ಕಚ್ಚು.

ರಸಮಟ್ಟ, ಟೇಪು ಸಿಕ್ಕರೆ

ಹಳೇ ರಸಮಟ್ಟ ಬೀಟೆ ಮರದ್ದೋ ಕರಿಮರದ್ದೋ ಇರುತ್ತದೆ, ಮೇಲೆ ಹಿತ್ತಾಳೆ ತಗಡು. ಸಮತಟ್ಟು ಜಾಗದಲ್ಲಿ ಇಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿಕೊಳ್ಳಿ, ತಿರುಗಿಸಿ ತುದಿ ಬದಲಿಸಿ ಅದೇ ಜಾಗದಲ್ಲಿ ಇಡಿ. ಗುಳ್ಳೆ ಅದೇ ಕಡೆ ನಿಂತರೆ ತಪ್ಪು ನೆಲದ್ದು, ಇನ್ನೊಂದು ಕಡೆ ಓಡಿದರೆ ತಪ್ಪು ಮಟ್ಟದ್ದು. ಗಾಜಿನ ನಳಿಗೆ ಒಡೆದಿದ್ದರೆ ಗೋಡೆಗೆ ನೇತುಹಾಕೋಕೆ ಮಾತ್ರ ಅಂತ ತಿಳಿದು ಬೆಲೆ ಕಟ್ಟಿ.

ಚೆಸ್ಟರ್‌ಮನ್ ಟೇಪಿನಲ್ಲಿ ಚರ್ಮದ ದುಂಡು ಡಬ್ಬಿ, ಮಡಚಿ ಕೂರಿಸುವ ಹಿತ್ತಾಳೆ ಹಿಡಿ. ಕೆಲವು ಟೇಪುಗಳ ಬಟ್ಟೆಯೊಳಗೆ ಸಣ್ಣ ಲೋಹದ ಎಳೆ ನೇಯ್ದಿರುತ್ತಾರೆ, ಎಳೆದಾಗ ಹಿಗ್ಗದಿರಲಿ ಅಂತ. ಪೂರ್ತಿ ಎಳೆದು ನೋಡಿ. ತುದಿಯ ಉಂಗುರ ಮತ್ತು ಮೊದಲ ಅಡಿ ಕಿತ್ತುಹೋಗಿರೋದೇ ಹೆಚ್ಚು. ಹಿಂಬದಿಯಲ್ಲಿ ಇಂಚಿಗೆ ಹೊಂದದ ಬೇರೆ ಅಂಕಿ ಕಂಡರೆ ಗಾಬರಿ ಬೇಡ, ಅದು ಸರ್ವೆಯ ಲಿಂಕು. 66 ಅಡಿಯ ಒಂದು ಚೈನಿಗೆ 100 ಲಿಂಕು, ಒಂದು ಲಿಂಕಿಗೆ 7.92 ಇಂಚು. ನಮ್ಮ ಕಡೆ ಸರ್ವೆ ಚೈನು ಅದರ ಅರ್ಧ, 33 ಅಡಿ, ಅದರ 16 ಭಾಗಕ್ಕೆ ಆಣೆ ಅಂತ ಹೆಸರು. ಚೈನು ಉದ್ದ, ಚೈನು ಅಗಲ ಅಂದರೆ 1089 ಚದರಡಿ, ಒಂದು ಗುಂಟೆ. ಊರಿನ ಜಮೀನಿನ ಹಳೇ ನಕ್ಷೆ ಮನೆಯಲ್ಲಿದ್ದರೆ ತೆಗೆದು ನೋಡಿ, ಆಣೆ ಲೆಕ್ಕ ಅಲ್ಲೇ ಇರುತ್ತದೆ.

ಮುಟ್ಟಬಾರದ ಮಾಲು

ಬೆಳ್ಳಗೆ, ನುಣ್ಣಗೆ, ಬೆಳ್ಳಿ ಬಣ್ಣದ ಕೀಲಿನ ಪಟ್ಟಿ ಯಾರಾದರೂ ತೋರಿಸಿದರೆ ಅದು ಆನೆ ದಂತ ಇರಬಹುದು. ದಂತದ ಅಡಿಪಟ್ಟಿಗಳನ್ನು ಹಿಂದೆ ಮಾಡುತ್ತಿದ್ದರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ, ಆಮೇಲಿನ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ, ಎಷ್ಟು ಹಳೇದು ಅಂದರೂ ಮಾತು ನಡೆಯಲ್ಲ. ಕೈಮುಗಿದು ಮುಂದೆ ಹೋಗಿ.

ಇನ್ನೊಂದು, ಈಗ ನಡೆಯುತ್ತಿರುವ ರೈಲ್ವೆಯ ಅಥವಾ ಸೇನೆಯ ಗುರುತು ಇರುವ ಸಾಮಾನು. ರೈಲ್ವೆ ಸ್ವತ್ತು ಅಕ್ರಮವಾಗಿ ಇಟ್ಟುಕೊಳ್ಳೋದಕ್ಕೆ 1966ರದ್ದೇ ಒಂದು ಕಾಯ್ದೆ ಇದೆ. ಹರಾಜಿನ ಚೀಟಿ ಇದೆಯಾ ಕೇಳಿ. ಇಲ್ಲ ಅಂದರೆ ಆಸೆ ಬಿಡಿ.

ಮನೆಗೆ ತಂದ ಮೇಲೆ

ಅವತ್ತು ಏನೂ ಮಾಡಬೇಡಿ. ಸುಮ್ನೆ ಮೇಜಿನ ಮೇಲಿಟ್ಟು ಎರಡು ಬದಿಯ ಫೋಟೋ ತೆಗೆಯಿರಿ, ಪಕ್ಕದಿಂದ ಬೆಳಕು ಬಿಟ್ಟು ಅಕ್ಷರದ ಫೋಟೋ ಬೇರೆ. ಮಾರನೇ ದಿನ ಒಣಗಿದ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ. ಜಿಡ್ಡು ಗಟ್ಟಿಯಾಗಿದ್ದರೆ ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಬರೀ ತೇವದಲ್ಲಿ ಒಂದು ಸಲ ಎಳೆದು ಕೂಡಲೇ ಒಣಬಟ್ಟೆ ಹಾಕಿ. ಕೊನೆಗೆ ಬೇಕಿದ್ದರೆ ಚೂರೇ ಚೂರು ಮೇಣದ ಪಾಲಿಶ್. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಅದೂ ಬೆಂಕಿಕಡ್ಡಿ ತುದಿಯಲ್ಲಿ.

ಹಿತ್ತಾಳೆ ಕಂಡ ಕೂಡಲೇ ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ತರುತ್ತಾರೆ, ತಡೆಯಿರಿ. ದೇವರ ದೀಪಕ್ಕೆ ಅದು ಸರಿ, ಇಲ್ಲಿ ಹುಳಿ ನೀರು ಕೀಲಿನ ಪಕ್ಕದ ಮರಕ್ಕೆ ಇಳಿದು ಕಪ್ಪು ಕಲೆ ಕೂರುತ್ತದೆ. ಟೇಪಿನ ಚರ್ಮಕ್ಕೆ ಕೊಬ್ಬರಿ ಎಣ್ಣೆಯೂ ಬೇಡ, ಕಮಟು ವಾಸನೆ ಬರುತ್ತದೆ. ಮಳೆಗಾಲದಲ್ಲಿ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಜೊತೆಗಿಡಿ. ಪಟ್ಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಅಂಟಿಕೊಂಡು ಗುರುತು ಬಿಡುತ್ತದೆ. ಹಳೇ ಪಂಚೆಯ ತುಂಡು ಸುತ್ತಿಟ್ಟರೆ ಸಾಕು.

ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್. ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಕೊಟ್ಟಿರಿ, ಏನೇನು ಅಕ್ಷರ ಇದೆ, ಕೊಟ್ಟವರು ಏನು ಹೇಳಿದರು, ಅಷ್ಟೂ ಬರೆಯಿರಿ. ಮಾರುವವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ, ಆದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ನನ್ನದರಲ್ಲಿ ಏಳನೇ ಪಟ್ಟಿಯ ಕೆಳಗೆ ಹೀಗಿದೆ: ‘ಸಂಡೇ ಬಜಾರ್, 350. ಎರಡು ಅಡಿ, ನಾಲ್ಕು ಮಡಿಕೆ. ರೇಬೋನ್ ಅಂಡ್ ಸನ್ಸ್, ನಂಬರ್ ಅಳಿಸಿದೆ. ಸೊನ್ನೆ ತುದಿ ಒಂದು ನೂಲು ಕಡಿಮೆ. 3 ಮತ್ತು 5ರ ಮೇಲೆ ಕಚ್ಚು, ಕೋಡ್ ಇರಬಹುದಾ?’ ಕೊನೆಯ ಎರಡು ಪದ ಹೊಡೆದು ಹಾಕಿ ಪಕ್ಕದಲ್ಲಿ ‘ಬಾಗಿಲು’ ಅಂತ ಬರೆದಿದ್ದೇನೆ.